ಒಟ್ಟೀಲಿಯಳ ಕೈಗಳು

"ನನ್ನ ಮುಖ ಅಳಿಸಿಬಿಡಿ ಮೇಷ್ಟ್ರೇ. ಜೀವ ಇರೋರ ಮುಖ ಇಂಥದ್ದಕ್ಕೆ ಹಾಕಬಾರ್ದು. ಹಾಕಿದ್ರೆ ಅದು ಹಲಗೆ ಮೇಲೆ ಸುಮ್ನೆ ಕೂರಲ್ಲ."

ಸೂಲಗಿತ್ತಿ ಒಟ್ಟೀಲಿಯ ಚಿತ್ರ ಬರೆದ ಮರದ ಹಲಗೆಯತ್ತ ಬೆರಳು ತೋರಿದಳು. ಕನ್ಯಾ ಮರಿಯಳ ತಾಯಿ ಸಂತ ಅನ್ನಮ್ಮನ ಚಿತ್ರಕ್ಕೆಂದು ಕೂರಿಸಿ ಬರೆದುಕೊಂಡ ಅವಳ ಮುಖ, ಈಗ ಹೋತದ ಬೆನ್ನೇರಿ ಹಾರುವ ಬೆತ್ತಲೆ ಮಾಟಗಾತಿಯ ಮುಖವಾಗಿತ್ತು.

ನ್ಯೂರೆಂಬರ್ಗಿನಿಂದ ರೈನ್ ದಂಡೆಯ ಆ ಊರಿಗೆ ಬಂದು ಇನ್ನೂ ವರ್ಷ ತುಂಬದ ಚಿತ್ರಗಾರ ಲೀನ್‌ಹಾರ್ಟ್ ನಕ್ಕುಬಿಟ್ಟ. "ಅಗಸೆ ಎಣ್ಣೆ, ಮಸಿ, ಸೀಸದ ಬಿಳಿ. ಇದರಲ್ಲಿರೋದು ಇಷ್ಟೇ ಅಜ್ಜಿ. ಎದ್ದು ಬಂದು ನಿನ್ನ ಗಂಜಿ ಕುಡಿಯುತ್ತಾ?"

ಅವಳು ನಗಲಿಲ್ಲ. ಒಳಗೆ ಹೋಗಿ, ಅವನ ಹೆಂಡತಿ, ತುಂಬು ಬಸುರಿ ಬಾರ್ಬೆಲಳ ಹೊಟ್ಟೆ ಸವರಿ, "ಕೂಸು ಅಡ್ಡ ಮಲಗಿದೆ ಮಗಳೇ. ನೋವು ಶುರುವಾದ ತಕ್ಷಣ ಗಂಡನ್ನ ಕಳಿಸು," ಎಂದು ಹೇಳಿ ಹೋದಳು.

ಚಿತ್ರ ಬರೆಸಿದ ಸಾಹುಕಾರರು ಗೆಳೆಯರ ಜೊತೆ ನೋಡಲು ಬಂದರು. ಅವರಲ್ಲೊಬ್ಬ ಹಲಗೆಗೆ ಮೂಗು ತಾಗಿಸಿ, "ಇವಳು ನಮ್ಮ ಸೂಲಗಿತ್ತಿ ಅಲ್ವಾ?" ಎಂದ. ಅವನ ಮೂರು ಕೂಸುಗಳು ಹುಟ್ಟುತ್ತಲೇ ಸತ್ತಿದ್ದವು. ಮುದುಕಿಯನ್ನು ಮಾಟಗಾತಿಯೆಂದು ಹಿಡಿದೊಯ್ಯಲು ಅಷ್ಟು ಸಾಕಾಯಿತು. ಆ ಮುಖ ಸಂತ ಅನ್ನಮ್ಮನಿಗೆಂದು ಬರೆದದ್ದು ಎಂದು ಲೀನ್‌ಹಾರ್ಟ್ ವಿಚಾರಣೆಯಲ್ಲಿ ಹೇಳಬಹುದಿತ್ತು. ತನ್ನ ತಲೆ ಉಳಿದರೆ ಸಾಕೆಂದು ತುಟಿ ಬಿಚ್ಚಲಿಲ್ಲ. ಶುಕ್ರವಾರ ಒಟ್ಟೀಲಿಯಳನ್ನು ಸುಟ್ಟರು. ಮಧ್ಯಾಹ್ನವಿಡೀ ಹೊಗೆ ಊರಿನ ಮೇಲೆ ಹೊರಳಾಡಿತು. ಚಿತ್ರವನ್ನು ಒಯ್ಯಲು ಯಾರೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಬಾರ್ಬೆಲಳಿಗೆ ನೋವು ಬಂತು. ನೆರೆಮನೆಯ ಉರ್ಸುಲ ಮೊಣಕೈವರೆಗೆ ರಕ್ತ ಮೆತ್ತಿಕೊಂಡು ಹೊರಬಂದಳು.

"ಕೂಸು ತಿರುಗ್ತಾ ಇಲ್ಲ ಕಣಪ್ಪ. ತಿರುಗಿಸೋಕೆ ಗೊತ್ತಿದ್ದೋಳು ಒಬ್ಳೇ. ಅವಳನ್ನ ನೀವೆಲ್ಲ ಸೇರಿ..." ಮಾತು ನುಂಗಿಕೊಂಡು ಒಳಗೆ ಓಡಿದಳು.

ಹೆಂಡತಿಯ ಕೂಗು ಕೇಳಲಾರದೆ ಲೀನ್‌ಹಾರ್ಟ್ ಚಿತ್ರದ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಎಣ್ಣೆಯ ಘಾಟಿನ ಜೊತೆ ಸುಟ್ಟ ಕೂದಲಿನ ವಾಸನೆ. ಕಿಟಕಿಯಲ್ಲಿ ಬಿಸಿಲಿದ್ದರೂ ಹಲಗೆಯಿದ್ದ ಮೂಲೆ ಕಪ್ಪಾಗಿತ್ತು. ಮುದುಕಿಯ ಕೈಗಳು ಹೋತದ ಕೊಂಬು ಹಿಡಿದಿರಬೇಕಿತ್ತು. ಹಿಡಿದಿರಲಿಲ್ಲ. ಮುಂದೆ ಚಾಚಿದ್ದವು. ಅಂಗೈಯಲ್ಲಿ ಏನೋ ಇತ್ತು. ಹಸಿ ಬಣ್ಣ. ಕೆಂಪು. ಅವನು ಬಗ್ಗಿ ನೋಡಿದ. ಕೂಸು. ಗದ್ದದಲ್ಲಿ ಬಾರ್ಬೆಲಳದೇ ಕುಳಿ.

"ಕೊಡಲ್ಲ! ನನ್ನ ಕೂಸು ಕೊಡಲ್ಲ!" ಲೀನ್‌ಹಾರ್ಟ್ ಚೀರಿದ.

ಚಾಕು ಸಿಕ್ಕಿತು. ಕೆರೆದ. ಕೈಗಳು ಕೂಸನ್ನು ಅವುಚಿಕೊಂಡವು. ಇನ್ನೂ ಕೆರೆದ. ಬೆರಳು ಹೋದವು. ಅಂಗೈ ಹೋಯಿತು. ಕೂಸು ಹೋಯಿತು. ಬರೀ ಮರ ಉಳಿಯಿತು.

ಆಚೆ ಕೋಣೆಯ ಕೂಗು ನಿಂತಿತು.

ಅವನು ಓಡಿದ. ಉರ್ಸುಲ ಬಟ್ಟೆಯಲ್ಲಿ ಸುತ್ತಿದ ಸಣ್ಣ ಗಂಟೊಂದನ್ನು ಎದೆಗೊತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. "ತಾನಾಗೇ ತಿರುಗಿತ್ತು. ತಲೆನೂ ಬಂದಿತ್ತು. ಇದ್ದಕ್ಕಿದ್ದ ಹಾಗೆ ಉಸಿರು ನಿಂತ್‌ಹೋಯ್ತು..."

ಬಾರ್ಬೆಲ ಬದುಕಿದ್ದಳು. ಬೆವರಲ್ಲಿ ತೊಯ್ದ ಮುಖವನ್ನು ಮೆಲ್ಲಗೆ ಅವನತ್ತ ಹೊರಳಿಸಿದಳು.

"ಒಟ್ಟೀಲಿಯಜ್ಜಿ ಬಂದಿದ್ಲು ರೀ. ಅವಳ ಕೈ ನಂಗೆ ಗೊತ್ತಾಗಲ್ವಾ? ಬೆಚ್ಚಗಿತ್ತು. ಎಷ್ಟು ಚೆನ್ನಾಗಿ ಹಿಡ್ಕೊಂಡಿದ್ಲು ಕೂಸನ್ನ..." ಉಸಿರು ಸಾಲದೆ ತಡೆದಳು. "ಯಾಕೆ ರೀ ಕೈಬಿಟ್ಟುಬಿಟ್ಲು?"

ಲೀನ್‌ಹಾರ್ಟ್ ಚಾಕು ಹಿಡಿದಿದ್ದ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.