ಹಿಡಿಯೊಳಗಿನ ಗೀರುಗಳು

"ಆ ಚೂರಿ ಒಳಗೆ ತರ್ಬೇಡ! ಅಪ್ಪನ್ನ ನೀರಿಗೆ ಕೊಟ್ಟಿದ್ದು ಸಾಲ್ದಾ ಇವನಿಗೆ?" ಅತ್ತೆ ಸೊಸೆಯ ಕೈಯಲ್ಲಿದ್ದುದನ್ನು ನೋಡಿದ್ದೇ ಅಬ್ಬರಿಸಿದರು. ಊಟಕ್ಕೆ ಕೂತಿದ್ದ ಅವರ ಮಗ ತಲೆ ತಗ್ಗಿಸಿದ.

ಸೊಸೆ ಚೂರಿ ಹಿಡಿದೇ ಒಳಗೆ ಬಂದಳು. ಮೂವತ್ತು ವರ್ಷದಿಂದ ಇದೇ ಮಾತು! ಒಂಬತ್ತರ ಹುಡುಗನಾಗಿದ್ದ ಅವಳ ಗಂಡ ಅಂದು ಹಠ ಹಿಡಿದು ದೋಣಿ ಹತ್ತಲಿಲ್ಲ. ಚೂರಿ ಮಾಡುವ ಕಸುಬಿನ ಮಾವ ಒಬ್ಬರೇ ಮೀನಿಗೆ ಹೋದವರು ಮರಳಲಿಲ್ಲ, ಖಾಲಿ ದೋಣಿ ದಡಕ್ಕೆ ಬಂತು. ಅಂದಿನಿಂದ ಆ ಮನೆಯಲ್ಲಿ ಸತ್ತವರದ್ದೇ ಯಜಮಾನಿಕೆ. ಅವರ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ, ಗಟ್ಟಿಯಾಗಿ ನಗುವಂತಿಲ್ಲ. ಬಚ್ಚಲಲ್ಲಿ ನೀರು ಸುರಿದರೂ ಅವಳ ಗಂಡ ಬೆಚ್ಚಿಬೀಳುತ್ತಿದ್ದ, ಪಾಪ!

ಹಳೆಯ ಮೀನುಚೂರಿಗಳನ್ನು ಯಾರು ಮಾಡಿದ್ದು, ಯಾವ ಕಾಲದ್ದು ಎಂದು ಹೇಳುವುದೇ ಅವಳ ಕಸುಬು. ಇಂದು ಅಂಗಡಿಗೆ ಬಂದ ಚೂರಿಯ ಅಲಗಿನ ಮೇಲೆ ಎಡಗೈಯಲ್ಲಿ ಒತ್ತಿದ, ವಾಲಿಕೊಂಡ ಮುದ್ರೆ. ಮಾವನದ್ದೇ, ಅನುಮಾನವಿಲ್ಲ. ವಯಸ್ಸು ಮಾತ್ರ ಹಿಡಿ ಬಿಚ್ಚಿದರೇ ತಿಳಿಯುವುದು. ಮಗ ಹುಟ್ಟಿದ ಮೇಲೆ ಮಾಡಿದ ಪ್ರತಿ ಚೂರಿಗೂ, ಹಿಡಿಯೊಳಗೆ ಅಡಗುವ ಉಕ್ಕಿನ ಮೇಲೆ, ಮಗನ ವಯಸ್ಸಿನಷ್ಟು ಗೀರು ಹಾಕುವುದು ಅವರ ಪದ್ಧತಿ.

ಅವಳು ಮೇಜಿನ ಮೇಲೆಯೇ ಮೊಳೆ ಕಿತ್ತು ಮರದ ಹಿಡಿ ಬಿಡಿಸಿದಳು. "ನೀವೇ ಎಣಿಸ್ರೀ."

"ಏಳು... ಎಂಟು... ಒಂಬತ್ತು..." ಗಂಡನ ಬೆರಳು ನಿಲ್ಲಲಿಲ್ಲ. "ಹತ್ತು..." ಕೊನೆಯ ಗೀರಿನ ಮೇಲೆ ಬೆರಳು ನಿಂತಿತು. "ಹದಿನಾಲ್ಕು! ಅಮ್ಮಾ... ಅಪ್ಪ ಸತ್ತಿರ್ಲಿಲ್ವಾ?"

ಅತ್ತೆ ಚೂರಿಯತ್ತ ತಿರುಗಿಯೂ ನೋಡಲಿಲ್ಲ. ಗೋಡೆಗೊರಗಿ ಕೂತರು. "ಇನ್ನೊಬ್ಬಳ ಜೊತೆ ಹೋದ್ರು ಕಣೋ... ಖಾಲಿ ದೋಣಿ ಬಿಚ್ಚಿ ಬಿಟ್ಟೋಳು ನಾನೇ! ಬಿಟ್ಟುಹೋದ್ರು ಅನ್ನೋದಕ್ಕಿಂತ ಸತ್ರು ಅಂದ್ರೆ ತಲೆ ಎತ್ಕೊಂಡು ಓಡಾಡ್ಬಹುದಲ್ಲಾ..."

"ಅದಕ್ಕೆ ನನ್ನನ್ಯಾಕಮ್ಮಾ...?"

"ನಿಂದು ಅವರದ್ದೇ ಮುಖ... ನೋಡ್ದಾಗೆಲ್ಲಾ ಹೊಟ್ಟೆ ಉರೀತಿತ್ತು."

ಅವನು ಆ ಗೀರುಗಳನ್ನು ಸವರುತ್ತಲೇ ಕೂತ. ಐದು ವರ್ಷ ಎಲ್ಲೋ ಕೂತು ತನ್ನ ವಯಸ್ಸು ಲೆಕ್ಕ ಇಟ್ಟಿದ್ದಾರೆ, ಒಮ್ಮೆಯೂ ಬರಲಿಲ್ಲ! ಕೊಂದ ಪಾಪ ಇಳಿಯಿತು, ಆದರೆ ಈಗ ಅಳುವುದಕ್ಕೆ ಸತ್ತ ಅಪ್ಪನೂ ಉಳಿಯಲಿಲ್ಲ.

"ಚೂರಿ ಜೊತೆ ಯಾರು ಮಾಡಿದ್ದು, ಯಾವ ಕಾಲದ್ದು ಅಂತ ಚೀಟಿ ಬರೆದು ಇಡ್ಬೇಕು," ಎಂದಳು ಸೊಸೆ ಮೆಲ್ಲಗೆ. "ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ರೆ ಊರೆಲ್ಲಾ ಓದತ್ತೆ. ಏನಂತ ಬರೀಲಿ?"

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಗ ತಾಯಿಯತ್ತ ನೋಡಿ, ಮರದ ಹಿಡಿಯನ್ನು ಗೀರುಗಳ ಮೇಲೆ ಮುಚ್ಚಿದ.

"ಯಾರು ಮಾಡಿದ್ದೋ ತಿಳೀಲಿಲ್ಲ ಅಂತ ಬರಿ."

ಕಸುಬಿನಲ್ಲಿ ಎಂದೂ ಸುಳ್ಳು ಬರೆಯದವಳು ಕಣ್ಣೊರೆಸಿಕೊಂಡು ಹಾಗೆಯೇ ಬರೆದಳು.