ಪ್ರತಿ ಶುಕ್ರವಾರದ ಕಂಪ್ಲೇಂಟು

"ರೀ... ಯಾರ್ರೀ ಅದು? ಆಚೆ ಬನ್ನಿ ಮೊದ್ಲು!"

ಮೇಜಿನ ಕೆಳಗೆ ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಂಪ್ಯೂಟರಿನ ಹಿಂಭಾಗ ನೋಡುತ್ತಿದ್ದ ಸಿಂಚನ ಬೆಚ್ಚಿಬಿದ್ದಳು. ಗಡಬಡಿಸಿ ಏಳಲು ಹೋದವಳ ತಲೆ ಮೇಜಿಗೆ ಠಪ್ ಎಂದು ಬಡಿಯಿತು.

"ಅಮ್ಮಾ...!"

"ಅಯ್ಯಯ್ಯೋ, ಪೆಟ್ಟಾಯ್ತಾ?"

ತಲೆ ಉಜ್ಜಿಕೊಳ್ಳುತ್ತಾ ಈಚೆ ಬಂದರೆ ಎದುರಿಗೊಬ್ಬ ಹುಡುಗ! ಅಂಗಿಯ ತುಂಬ ಬಣ್ಣಬಣ್ಣದ ದಾರದ ಎಳೆಗಳು. ಮುಖದಲ್ಲಿ ಅರ್ಧ ಗಾಬರಿ, ಅರ್ಧ ನಗು. ಆ ನಗುವೇ ಸಿಂಚನಳ ಸಿಟ್ಟು ನೆತ್ತಿಗೇರಿಸಿತು.

"ನೀವೇ ತಾನೇ ಕಂಪ್ಲೇಂಟ್ ಕೊಟ್ಟಿದ್ದು? ಹೂಟಗಳ್ಳಿ ಕಂಪನಿಯಿಂದ ಬಂದಿದ್ದೀನಿ, ಸರ್ವೀಸ್ ಇಂಜಿನಿಯರ್. ನಿಮ್ಮ ತಾಯಿನೇ ಒಳಗೆ ಕರೆದಿದ್ದು."

"ಓ... ನಾನು ಯಾರೋ ಗಂಡಸ್ರು ಬರ್ತಾರೆ ಅಂತ..."

"ಯಾಕೆ, ಹೆಂಗಸ್ರು ಬಂದ್ರೆ ವೈರ್ ಮುನಿಸ್ಕೊಳ್ತದಾ?"

ಪಾಪ, ಹುಡುಗ ನಾಲಿಗೆ ಕಚ್ಚಿಕೊಂಡ. ಅವನ ಹೆಸರು ನಿರಂಜನ್. ದೇವರಾಜ ಮೊಹಲ್ಲಾದ ಆ ಅಂಗಡಿಯಲ್ಲಿ ಮದುವೆ ಬ್ಲೌಸುಗಳಿಗೆ ಎಂಬ್ರಾಯ್ಡರಿ ಹಾಕುವುದು ಅವನ ಕಸುಬು. ಮೇಲೆ ಮನೆ, ಕೆಳಗೆ ಅಂಗಡಿ. ಕಂಪ್ಯೂಟರಿನಲ್ಲಿ ಬಳ್ಳಿ, ನವಿಲು ಬರೆಯುತ್ತಾನೆ. ಅದು ಒಂದು ವೈರಿನ ಮೂಲಕ ಪಕ್ಕದ ದೊಡ್ಡ ಮೆಷಿನ್ನಿಗೆ ಹೋಗುತ್ತದೆ, ಮೆಷಿನ್ನು ಹೊಲಿಯುತ್ತದೆ. ಆ ವೈರ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡೇ ಈಗ ಕೈಕೊಟ್ಟಿತ್ತು.

"ವೈರ್ ಹಾಕೇ ಇದೆ ಕಣ್ರೀ. ಹಿಂದೆ ಹಸಿರು ದೀಪಾನೂ ಮಿನುಗ್ತಿರುತ್ತೆ. ಆದ್ರೆ ಸ್ಕ್ರೀನ್ ಮೇಲೆ ಕೆಂಪು ಇಂಟು ಮಾರ್ಕು! ಕೇಬಲ್ ಹಾಕಿಲ್ಲ ಅನ್ನುತ್ತೆ. ಅದು ಬಂತು ಅಂದ್ರೆ ಒಂದು ಡಿಸೈನೂ ಮೆಷಿನ್‌ಗೆ ಹೋಗಲ್ಲ."

ಸಿಂಚನ ಸ್ಕ್ರೀನ್ ನೋಡಿದಳು. ಎಲ್ಲ ಸರಿಯಾಗಿತ್ತು.

"ಎಲ್ರೀ ಇಂಟು?"

"ಬೆಳಿಗ್ಗೆ ಇತ್ತು! ದೇವ್ರಾಣೆ ಇತ್ತು!"

ಇಂಥ ದೇವರಾಣೆಗಳನ್ನು ಅವಳು ದಿನಕ್ಕೆ ಹತ್ತು ಕೇಳುತ್ತಾಳೆ. ಆದರೂ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಹೊಸದು ಹಾಕಿದಳು. ಹೊರಡುವಾಗ ಅವನ ತಾಯಿ ಬೋರಮ್ಮ ಕುಂಕುಮದ ಬಟ್ಟಲು ಹಿಡಿದು ಓಡೋಡಿ ಬಂದರು.

"ಸುಕ್ರವಾರ ಕಣವ್ವ, ಕುಂಕುಮ ಇಟ್ಕೊಂಡು ಓಗು."

"ಲೇಟಾಯ್ತಮ್ಮ, ಇನ್ನೊಂದ್ಸಲ!"

ಸ್ಕೂಟರ್ ಹೊರಟೇ ಹೋಯಿತು. ಬೋರಮ್ಮ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಆ ಇನ್ನೊಂದು ಸಲ ಬಹಳ ಬೇಗ ಬಂತು. ಮುಂದಿನ ಶುಕ್ರವಾರವೇ ಅದೇ ಕಂಪ್ಲೇಂಟು! ಮಧ್ಯಾಹ್ನ ಸಿಂಚನ ಹೋದರೆ ಮತ್ತೆ ಎಲ್ಲ ಸರಿ. ಕೇಬಲ್ಲಿನ ಮೇಲೇ ಗುಮಾನಿಯಾಗಿ ಹಳೆಯದನ್ನು ತನ್ನ ಟೂಲ್ ಬ್ಯಾಗಿಗೆ ತುರುಕಿ, ಹೊಸದು ಹಾಕಿದಳು. ಅಷ್ಟರಲ್ಲಿ ಬ್ಯಾಗಿನ ಪಟ್ಟಿ ಪರ್ರ್ ಎಂದು ಕಿತ್ತುಬಂತು.

"ಕೊಡಿ ಇಲ್ಲಿ," ಎಂದ ನಿರಂಜನ್.

ಪಟ್ಟಿಯನ್ನು ಮೆಷಿನ್ನಿಗೆ ಕೊಟ್ಟು ನಾಲ್ಕೇ ನಿಮಿಷದಲ್ಲಿ ಹೊಲಿದುಕೊಟ್ಟ. ಅಂಚಿನಲ್ಲಿ ನೀಲಿ ದಾರದಲ್ಲಿ ಪುಟ್ಟದಾಗಿ 'ಸಿಂಚನ' ಎಂದಿತ್ತು.

"ಹೆಸರು ಬರಿ ಅಂತ ನಾನ್ ಹೇಳಿದ್ನಾ?"

"ಬ್ಯಾಗ್ ಕಳೆದುಹೋದ್ರೆ ಸಿಗ್ಲಿ ಅಂತ... ಬಿಚ್ಚಿಬಿಡ್ಲಾ?"

"ಬೇಡ... ಇರ್ಲಿ ಬಿಡಿ."

ಇರಲಿ ಬಿಡಿ ಎಂದವಳು ಆ ಸಂಜೆ ಕೆಸರೆಯ ಮನೆಯಲ್ಲಿ ಆ ಅಕ್ಷರಗಳನ್ನು ಎಷ್ಟು ಸಲ ಸವರಿದಳೋ, ಲೆಕ್ಕ ಇಟ್ಟವರಿಲ್ಲ!

ಮೂರನೇ ಶುಕ್ರವಾರ ಮತ್ತೆ ಕರೆ. ಈ ಸಲ ನೆಟ್‌ವರ್ಕ್ ಕಾರ್ಡನ್ನೇ ಬದಲಾಯಿಸಿದಳು. ನಿರಂಜನ್ ಕಾಫಿ ತಂದ, ಟಾರ್ಚ್ ಹಿಡಿದ. ಮೇಜಿನ ಕೆಳಗಿನ ಆ ಇಕ್ಕಟ್ಟಿನಲ್ಲಿ ಇಬ್ಬರ ಭುಜ ತಾಕಿತು. ಇಬ್ಬರೂ ಏನೂ ಆಗಿಲ್ಲವೆಂಬಂತೆ ವೈರನ್ನೇ ನೋಡುತ್ತಾ ಕೂತರು.

ಆದರೆ ಕಂಪನಿಯಲ್ಲಿ ಮ್ಯಾನೇಜರ್ ವಿಜಯ್‌ಕುಮಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಅದು ಒಳ್ಳೆಯ ಲಕ್ಷಣವಲ್ಲ.

"ನೋಡಮ್ಮ, ನೀನು ಇನ್ನೂ ಟ್ರೈನಿಂಗಲ್ಲಿದ್ದೀಯ. ಒಂದೇ ಅಂಗಡಿ, ಒಂದೇ ಕಂಪ್ಲೇಂಟು, ಮೂರು ಸಲ. ನಾಲ್ಕನೇ ಸಲ ಬಂದ್ರೆ ನಿನ್ನ ಕೈಲಿ ಫೀಲ್ಡ್ ಕೆಲಸ ಆಗಲ್ಲ ಅಂತ ಬರೀಬೇಕಾಗ್ತದೆ. ಫೋನ್ ಎತ್ತೋ ಸೀಟು ಖಾಲಿ ಇದೆ."

ಆ ಫೋನ್ ಎತ್ತುವ ಸೀಟಿನಿಂದ ಎದ್ದು ಬರಲು ಅವಳಿಗೆ ಎರಡು ವರ್ಷ ಬೇಕಾಗಿತ್ತು! ಹುಡುಗಿಗೆ ಯಾಕೆ ಈ ಅಲೆದಾಟ ಎಂದವರೆಲ್ಲರ ಬಾಯಿ ಮುಚ್ಚಿಸಿ ಬಂದಿದ್ದಳು.

ನಾಲ್ಕನೇ ಶುಕ್ರವಾರ ಬಂದೇ ಬಂತು. ಬೆಳಿಗ್ಗೆ ಒಂಬತ್ತೂವರೆಗೆ ಕಂಪ್ಲೇಂಟೂ ಬಂತು.

ಜೊತೆಯ ಇಂಜಿನಿಯರ್ ಪುನೀತ್ ಚೀಟಿ ನೋಡಿ ಬಿದ್ದುಬಿದ್ದು ನಕ್ಕ. "ಇನ್ನೂ ಗೊತ್ತಾಗ್ಲಿಲ್ವೇನಮ್ಮ? ನೀನು ಹೋದಾಗೆಲ್ಲ ಸರಿ ಇರ್ತದೆ, ಬಂದ್ಮೇಲೆ ಕೆಡ್ತದೆ. ನಿನ್ನ ನೋಡಕ್ಕೇ ಅವ್ನು ವೈರ್ ಕೀಳ್ತಾವ್ನೆ ಕಣಮ್ಮ!"

ಆ ಮಾತು ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. 'ಸಾಫ್ಟ್‌ವೇರ್ ಹೊಸದು, ಕೇಬಲ್ ಹೊಸದು, ಕಾರ್ಡ್ ಹೊಸದು... ಇನ್ನೇನು ಉಳಿದಿದೆ? ಅವನೊಬ್ಬನೇ!'

ಮಧ್ಯಾಹ್ನ ಅಂಗಡಿಗೆ ಹೋದರೆ ಅದೇ ಹಾಡು. ಸ್ಕ್ರೀನ್ ಮೇಲೆ ಇಂಟು ಇಲ್ಲ, ಏನಿಲ್ಲ. ನಿರಂಜನ್ ಅದೇ ನಗು ನಗುತ್ತಾ ಎದ್ದುಬಂದ. ಬ್ಲೌಸ್ ಒಯ್ಯಲು ಬಂದ ಇಬ್ಬರು ಹೆಂಗಸರು ಕೂತಿದ್ದರು.

"ಕೇಬಲ್ ಕೀಳ್ತಿರೋದು ನೀವೇ ತಾನೇ?"

"ಏನಂದ್ರಿ?"

"ನಾಟಕ ಬೇಡ! ನನ್ನ ಕರೆಸಕ್ಕೆ ಪ್ರತಿ ವಾರ ಇದೊಂದು ನೆಪ ಅಲ್ವಾ? ನಿಮಗೆ ಇದು ತಮಾಷೆ. ನನಗೆ ಇವತ್ತಿಗೆ ಕೆಲಸಾನೇ ಹೋಗುತ್ತೆ, ಗೊತ್ತಾ? ಛೀ... ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ ನಾನು!"

ಕೂತಿದ್ದ ಹೆಂಗಸರು ಮುಖಮುಖ ನೋಡಿಕೊಂಡರು. ನಿರಂಜನನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಸಿಂಚನ ಹೊರಗೆ ಬಂದಿದ್ದಳು. ಸ್ಕೂಟರಿನ ಪಕ್ಕ ನಿಂತು, ಹೆಲ್ಮೆಟ್ಟಿನೊಳಗೆ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಕಿಟಕಿಯಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಮರುದಿನ ಐಡಿ ಕಾರ್ಡ್ ಬಿಚ್ಚಿ ಕೈಯಲ್ಲಿ ಹಿಡಿದೇ ಮ್ಯಾನೇಜರ್ ಕೋಣೆಗೆ ಹೋದಳು.

"ಅದ್ಯಾಕೆ ಬಿಚ್ದೆ? ಹಾಕ್ಕೊ," ಎಂದ ವಿಜಯ್‌ಕುಮಾರ್ ಒಂದು ಕಾಗದ ಮುಂದೆ ತಳ್ಳಿದರು. "ಬೆಳಿಗ್ಗೆ ಎಂಟಕ್ಕೇ ಬಂದಿದ್ದ ಆಸಾಮಿ. ತಾನೇ ಕೇಬಲ್ ಕೀಳ್ತಿದ್ದೆ ಅಂತ ಬರ್ದು ಸೈನ್ ಮಾಡಿ ಹೋದ. ನಿನ್ನ ತಪ್ಪು ಇಲ್ಲ. ಸೋಮವಾರದಿಂದ ಪರ್ಮನೆಂಟು. ಆ ಅಂಗಡೀನ ಲಿಸ್ಟಿಂದ ಕಿತ್ತಾಕಿದ್ದೀನಿ, ಇನ್ಮೇಲೆ ನಮ್ಮೋರು ಯಾರೂ ಅಲ್ಲಿಗೆ ಹೋಗಲ್ಲ."

ಸಿಂಚನ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ದುಂಡಗಿನ ಅಕ್ಷರ. 'ತಪ್ಪು ನನ್ನದು.'

'ನಾನು ಅಂದ್ಕೊಂಡಿದ್ದೇ ಸರಿಯಾಯ್ತಲ್ಲ... ಕೆಲಸಾನೂ ಉಳೀತಲ್ಲ... ಮತ್ಯಾಕೆ ಈ ಸಂಕಟ?' ಅವಳು ಸುಳ್ಳಾಗಲಿ ಎಂದು ಬೇಡಿಕೊಂಡಿದ್ದ ಮಾತು ನಿಜವಾಗಿತ್ತು. ಅದಕ್ಕೇ ಸಂಕಟ. ಪೆದ್ದು ಹುಡುಗಿ, ಅಷ್ಟೂ ತಿಳಿಯಲಿಲ್ಲ ಅವಳಿಗೆ!

ವಾರ ಕಳೆಯಿತು. ಮತ್ತೆ ಶುಕ್ರವಾರ.

ಸಿಂಚನ ತಲೆ ಬಾಚಿಕೊಂಡು ಹೊರಬಂದರೆ, ಕೆಸರೆಯ ಮನೆಯ ಜಗಲಿಯ ಮೇಲೆ ಅವಳ ತಾಯಿ ಶಾರದ ಟೂಲ್ ಬ್ಯಾಗ್ ಬಿಚ್ಚಿ ಹರಡಿಕೊಂಡಿದ್ದರು. ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಅರಿಶಿನ ಕುಂಕುಮ ಇಡುತ್ತಿದ್ದರು. ಕೇಬಲ್ ಪರೀಕ್ಷಿಸುವ ಪುಟ್ಟ ಯಂತ್ರದ ತೂತಿನ ಮೇಲೂ ದೊಡ್ಡ ಬೊಟ್ಟು!

"ಅಮ್ಮಾ! ಅಲ್ಲಿಗೆ ಯಾಕಿಟ್ಟೆ? ಅದು ವೈರ್ ಹಾಕೋ ಜಾಗ!"

"ಕೆಲಸ ಪರ್ಮನೆಂಟ್ ಆಗಿದೆ, ಇವಕ್ಕೊಂದು ಪೂಜೆ ಬೇಡ್ವೇನೇ? ಅನ್ನ ಕೊಡೋ ಸಾಮಾನು... ಇದೇನು, ಈ ಹಳೇ ವೈರ್‌ಗೆ ಆಗ್ಲೇ ಯಾರೋ ಅರಿಶಿನ ಬಳಿದವ್ರಲ್ಲ?"

ಶಾರದ ಎತ್ತಿ ಹಿಡಿದದ್ದು ನಿರಂಜನನ ಅಂಗಡಿಯಿಂದ ಬಿಚ್ಚಿ ತಂದ ಹಳೆಯ ಕೇಬಲ್. ಅದರ ತುದಿಯ ಪ್ಲಗ್ಗಿನೊಳಗೆ ಹಳದಿ ಮೆತ್ತಿ ಒಣಗಿತ್ತು.

ಸಿಂಚನ ಕೂತುಬಿಟ್ಟಳು. ಅವಳು ಅದನ್ನು ಎಷ್ಟು ಸಲ ನೋಡಿರಲಿಲ್ಲ! ಕಾರ್ಡ್ ಬದಲಾಯಿಸುವಾಗ ಬೆರಳಿಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದಳು ಕೂಡ. ಆದರೆ ಮೈಸೂರಿನಲ್ಲಿ ಅರಿಶಿನ ಕುಂಕುಮ ಇಲ್ಲದ ಯಂತ್ರ ಯಾವುದಿದೆ? ಹುಟ್ಟಿದಾಗಿನಿಂದ ಕಂಡದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಫೋನ್ ತೆಗೆದು ಹಳೆಯ ಕಂಪ್ಲೇಂಟುಗಳ ತಾರೀಖು ನೋಡಿದಳು. ನಾಲ್ಕೂ ಶುಕ್ರವಾರ. ನಾಲ್ಕೂ ಬೆಳಿಗ್ಗೆ ಹತ್ತರೊಳಗೆ, ಪೂಜೆಯ ಹೊತ್ತಿಗೆ.

'ಅಯ್ಯೋ... ಹಾಗಾದ್ರೆ ಅವನು ಕೇಬಲ್ ಕಿತ್ತೇ ಇಲ್ಲ! ಮತ್ತೆ ಆ ಕಾಗದ?'

"ಸಿಂಚೂ, ತಿಂಡಿ!"

"ಬಂದು ತಿಂತೀನಮ್ಮಾ!"

ದೇವರಾಜ ಮೊಹಲ್ಲಾ ತಲುಪುವಷ್ಟರಲ್ಲಿ ಒಂಬತ್ತು ಗಂಟೆ. ಅಂಗಡಿಯಲ್ಲಿ ಬೋರಮ್ಮ ಕಂಪ್ಯೂಟರಿನ ಹಿಂದೆ ಬಗ್ಗಿ, ನೀರಲ್ಲಿ ಕಲಸಿದ ಅರಿಶಿನ ಬಳಿದು, ವೈರಿನ ಸಂದಿಗೆ ಒಂದು ಮಲ್ಲಿಗೆ ಸಿಕ್ಕಿಸುತ್ತಿದ್ದರು! ಸ್ಕ್ರೀನ್ ಮೇಲೆ ಕೆಂಪು ಇಂಟು. ಹಿಂದೆ ಹಸಿರು ದೀಪ ತನ್ನ ಪಾಡಿಗೆ ಮಿನುಗುತ್ತಿತ್ತು. ನಿರಂಜನ್ ಆಗಷ್ಟೇ ಮೆಟ್ಟಿಲಿಳಿದು ಬಂದವನು ಇಂಟು ನೋಡಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಅಮ್ಮ... ಅಲ್ಲಿಗೆ ಯಾಕೆ ಇಡ್ತೀರಿ?" ಸಿಂಚನ ಮೆಲ್ಲಗೆ ಕೇಳಿದಳು.

ಬೋರಮ್ಮ ತಿರುಗಿ ನೋಡಿ ಮುಖವರಳಿಸಿದರು. "ಬಂದಾ ಮಗಾ? ಇಲ್ನೋಡು, ಇಲ್ಲೊಂದು ಅಸ್ರು ದೀಪ ಮಿಣಿಮಿಣಿ ಅಂತದೆ. ಮೈಯೆಲ್ಲಾ ಕಬ್ಣ, ಜೀವ ಇರೋದು ಇಲ್ಲೇ ಅಂತ ಇಲ್ಲೇ ಪೂಜೆ ಮಾಡ್ತೀನಿ."

ಬೈಯಲು ಯಾರಿಗೆ ಮನಸ್ಸು ಬಂದೀತು? ಸಿಂಚನ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಈ ತೂತಿನೊಳಗೆ ಎಂಟು ಸಣ್ಣ ತಂತಿ ಇವೆ ಅಮ್ಮ. ಒದ್ದೆ ಆದ್ರೆ ಕಾರ್ಡಿಗೆ ಗಲಿಬಿಲಿ ಆಗ್ತದೆ. ವೈರ್ ಇದ್ರೂ ಇಲ್ಲ ಅಂದ್ಬಿಡುತ್ತೆ. ಮಧ್ಯಾಹ್ನದ ಹೊತ್ತಿಗೆ ಒಣಗಿ ಸರಿಹೋಗುತ್ತೆ. ನಾನು ಬರ್ತಿದ್ದುದು ಮಧ್ಯಾಹ್ನಾನೇ."

"ಅಯ್ಯೋ ಸಿವನೇ! ನನ್ನ ಕೈಯಾರೆ ನನ್ನ ಮಗನ ಕೆಲ್ಸ ಕೆಡಿಸ್ಬುಟ್ನಲ್ಲವ್ವ!"

"ಇಲ್ಲಮ್ಮ. ತಪ್ಪು ಹುಡುಕಬೇಕಾಗಿದ್ದೋಳು ನಾನು. ಹುಡುಕದೆ ನಿಮ್ಮ ಮಗನ ಮೇಲೆ ಹಾಕ್ಬಿಟ್ಟೆ."

ಪ್ಲಗ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಗಾಳಿ ಊದಿ ಮತ್ತೆ ಸಿಕ್ಕಿಸಿದಳು. ಕ್ಷಣ ಬಿಟ್ಟು ಕೆಂಪು ಇಂಟು ಮಾಯವಾಯಿತು. ಬೋರಮ್ಮ ಕಣ್ಣೊರೆಸಿಕೊಂಡು ಕಾಫಿ ತರಲು ಮೇಲೆ ಹೋದರು.

ಈಗ ಉಳಿದದ್ದು ಇಬ್ಬರೇ.

"ಯಾಕ್ರೀ ಸುಳ್ಳು ಬರ್ದುಕೊಟ್ರಿ?" ಸಿಂಚನ ಅವನತ್ತ ತಿರುಗಿದಳು.

"ಇನ್ನೇನ್ ಮಾಡ್ಲಿ? ನೀವು ಸ್ಕೂಟರ್ ಪಕ್ಕ ನಿಂತು ಅಳ್ತಿದ್ರಿ... ನೋಡಕ್ಕಾಗ್ಲಿಲ್ಲ."

"ನಿಮ್ಮ ಹೆಸರು ಕೆಟ್ಟಿತಲ್ಲ! ಅಂಗಡಿ ಲಿಸ್ಟಿಂದ ಹೋಯ್ತಲ್ಲ!"

"ನಾನು ಬೇರೆ ಯಾರನ್ನಾದ್ರೂ ಕರೀಬಹುದು. ನಿಮಗೆ ಆ ಕೆಲಸ ಮತ್ತೆ ಸಿಗ್ತಿತ್ತಾ?"

"ನಾನು... ಎಲ್ಲರ ಮುಂದೆ ಅಷ್ಟೆಲ್ಲ ಅಂದೆ..."

"ಅಂದ್ರಿ." ಅವನು ತಲೆ ತಗ್ಗಿಸಿದ. "ಅದರಲ್ಲಿ ಅರ್ಧ ನಿಜಾನೇ ಇತ್ತು. ಕೇಬಲ್ ಮುಟ್ಟಿಲ್ಲ, ನಮ್ಮಮ್ಮನಾಣೆ. ಆದ್ರೆ ಇಂಟು ಬಂದಾಗ... ಸಿಟ್ಟು ಬರೋ ಬದಲು ಖುಷಿ ಆಗ್ತಿತ್ತು. ಇವತ್ತು ನೀವು ಬರ್ತೀರಿ ಅಂತ."

ಸಿಂಚನಳಿಗೆ ನಗುವೂ ಬಂತು, ಅಳುವೂ ಬಂತು. ಅವಳು ಫೋನ್ ತೆಗೆದು ವಿಜಯ್‌ಕುಮಾರ್‌ಗೆ ಕರೆ ಮಾಡಿ ಸ್ಪೀಕರ್ ಹಾಕಿದಳು.

"ಏ, ಬೇಡ ಸಿಂಚನ! ನಿಮ್ಮ ಕೆಲಸ..." ನಿರಂಜನ್ ಗಾಬರಿಯಿಂದ ಎದ್ದ.

"ಸಾರ್, ದೇವರಾಜ ಮೊಹಲ್ಲಾದ ಆ ಕಾಗದ ಸುಳ್ಳು. ನನ್ನ ಉಳಿಸಕ್ಕೆ ಅವರು ಬರ್ದಿದ್ದು. ತಪ್ಪು ನಂದೇ. ನಾಲ್ಕು ಸಲ ಬಂದ್ರೂ ನಾನು ಕಂಡುಹಿಡೀಲಿಲ್ಲ." ಅರಿಶಿನದ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಫೋನ್ ಸೀಟಿಗೆ ಹಾಕಿದ್ರೂ ಪರವಾಗಿಲ್ಲ ಸಾರ್. ಅವರ ಹೆಸರು ಸರಿ ಮಾಡಿ."



"ಅರಿಶಿನಾನಾ?" ಎಂದರು ವಿಜಯ್‌ಕುಮಾರ್. ಆಮೇಲೆ ಜೋರಾದ ನಗು. "ಹದಿನೆಂಟು ವರ್ಷದ ಸರ್ವೀಸಲ್ಲಿ ನಂಗೂ ಹೊಳೀತಿರ್ಲಿಲ್ಲ ಕಣಮ್ಮ! ಕಂಡುಹಿಡಿದ್ಯಲ್ಲ, ಕಂಪ್ಲೇಂಟ್ ಕ್ಲೋಸ್ ಮಾಡು. ಆ ಹುಡುಗನ್ನ ಲಿಸ್ಟಿಗೆ ಹಾಕ್ತೀನಿ. ಇನ್ಮೇಲೆ ಸುಳ್ಳು ಕಾಗದ ತರಬೇಡ ಅಂತ ಹೇಳು ಅವನಿಗೆ."

ಸಿಂಚನ ಫೋನ್ ಇಟ್ಟಳು. ನಿರಂಜನ್ ಅವಳ ಕೈಯನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಇಬ್ಬರೂ ಸರಕ್ಕನೆ ದೂರ ಸರಿದರು. ಬೋರಮ್ಮ ಕಾಫಿ ಲೋಟಗಳನ್ನು ಕೆಳಗಿಟ್ಟು, ಕುಂಕುಮದ ಬಟ್ಟಲು ಕೈಗೆತ್ತಿಕೊಂಡು ಕಂಪ್ಯೂಟರನ್ನೂ ಬಟ್ಟಲನ್ನೂ ನೋಡಿದರು.

"ಕುಂಕುಮ ಇಡೋದು ಬಾಕಿ ಉಳ್ದದೆ ಕಣವ್ವ. ಜೀವ ಇರೋ ಕಡೆ ಇಡಬ್ಯಾಡ ಅಂದ್ಮೇಲೆ... ಇನ್ನೆಲ್ಲಿ ಇಡ್ಲಿ ನಾನು?"

ಸಿಂಚನ ಅವರ ಮುಂದೆ ಬಂದು ನಿಂತಳು. ಹಣೆಯ ಮೇಲಿನ ಕೂದಲನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲಿ ಇಡಿ ಅಮ್ಮ. ಅವತ್ತು ಬೇಡ ಅಂದು ಓಡಿಹೋದೆ. ಇವತ್ತು ಲೇಟಾಗಿಲ್ಲ."

ಬೋರಮ್ಮ ಅವಳ ಮುಖವನ್ನು ನೋಡಿದರು. ಮಗನ ಮುಖವನ್ನು ನೋಡಿದರು. ಹೆತ್ತ ತಾಯಿಗೆ ಬಿಡಿಸಿ ಹೇಳಬೇಕೆ? ಬೆರಳದ್ದಿ, ಅವಳ ಹುಬ್ಬುಗಳ ನಡುವೆ ನಿಧಾನವಾಗಿ ಕುಂಕುಮವಿಟ್ಟರು. ಮುಡಿಗೊಂದು ಮಲ್ಲಿಗೆ ಸಿಕ್ಕಿಸಿ, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ ಮೇಲೆ ಹೊರಟುಹೋದರು.

ಸಿಂಚನ ಬ್ಯಾಗನ್ನು ಹೆಗಲಿಗೇರಿಸಿದಳು. ನಿರಂಜನ್ ಬಾಗಿಲವರೆಗೂ ಬಂದ.

"ಹಾಗಾದ್ರೆ... ಮುಂದಿನ ಶುಕ್ರವಾರ ಕಂಪ್ಲೇಂಟ್ ಇರಲ್ಲ."

"ಇರಲ್ಲ."

"ಅದರ ಮುಂದಿನ ಶುಕ್ರವಾರ?"

"ಇರಲ್ಲ ಕಣ್ರೀ! ಪೂರ್ತಿ ಸರಿ ಮಾಡಿದ್ದೀನಿ."

ಅವನ ಮುಖ ಸಣ್ಣಗಾಯಿತು. ಸಿಂಚನ ಹೆಲ್ಮೆಟ್ ಹಾಕಲು ಹೋದವಳು ನಿಲ್ಲಿಸಿದಳು. ಕುಂಕುಮ ಅಳಿಸೀತೆಂದು ಅದನ್ನು ಕೈಯಲ್ಲೇ ಹಿಡಿದುಕೊಂಡಳು.

"ಕಂಪ್ಲೇಂಟ್ ಇದ್ರೆ ಮಾತ್ರ ಕರೀತೀರಾ?"

"ಇಲ್ದಿದ್ರೂ... ಕರೆದ್ರೆ ಬರ್ತೀರಾ?"

"ಮನೆಗೆ ಹೋಗಿ ತಿಂಡಿ ತಿಂದು, ಅಮ್ಮನಿಗೆ ವಿಷ್ಯ ಹೇಳಿ, ಸಂಜೆನೇ ಬರ್ತೀನಿ." ಎರಡು ಹೆಜ್ಜೆ ನಡೆದು ಹಿಂತಿರುಗಿ ನೋಡಿದಳು. "ನಿರಂಜನ್... ಅಲ್ಲಿವರೆಗೂ ಆ ಕೇಬಲ್ ಮುಟ್ಟಬೇಡಿ!"