ಇಮ್ಹೋತೆಪನಿಗೆ ಒಂದು ಹನಿ

ಬೆಳಗಿನ ಪೂಜೆಗೆ ಗರ್ಭಗುಡಿ ತೆರೆದರೆ ಪೀಠ ಖಾಲಿ. ಹಿಂದಿನ ಸಂಜೆ ಬಾಗಿಲಿಗೆ ಒತ್ತಿದ ಮಣ್ಣಿನ ಮುದ್ರೆ ತೆರೆಯುವ ತನಕ ಹಾಗೇ ಇತ್ತು. ವೈದ್ಯರಿಗೂ ಲಿಪಿಕಾರರಿಗೂ ದೇವರಾದ ಇಮ್ಹೋತೆಪನ ಕಂಚಿನ ಮೂರ್ತಿ ಮಾತ್ರ ಇರಲಿಲ್ಲ. ರೋಗ ವಾಸಿಯಾಗುವ ಕನಸು ಬೀಳಲೆಂದು ಅಂಗಳದಲ್ಲಿ ಮಲಗಿದ್ದವರೆಲ್ಲ ಗೋಳಾಡತೊಡಗಿದರು.

ಕಾವಲಿನ ಮುಖ್ಯಸ್ಥ ಹರ್ಖೇಬಿಗೆ ತಲೆ ಕೆಟ್ಟಿತು. "ಅಷ್ಟು ದೊಡ್ಡ ಪಿರಮಿಡ್ ಕಟ್ಟಿದ ಮಹಾನುಭಾವ, ತನ್ನ ಗುಡಿಗೊಂದು ಗಟ್ಟಿ ಬಾಗಿಲು ಕಟ್ಕೊಳ್ಳೋಕಾಗ್ಲಿಲ್ವಾ!"

ಹಿರಿಯ ಅರ್ಚಕರು ಆಗಲೇ ಕಳ್ಳಿಯನ್ನು ಹಿಡಿದಾಗಿತ್ತು. ಹರಕೆಗೆ ಬರುವ ಸತ್ತ ಕೆಂಬರಲು ಹಕ್ಕಿಗಳನ್ನು ಒಣಗಿಸಿ, ಬಟ್ಟೆ ಸುತ್ತಿ, ನೆಲಮಾಳಿಗೆಯಲ್ಲಿ ಇಡುವ ಮುದುಕಿ ತಗೆಮ್. "ನಿನ್ನೆ ಸಂಜೆ ಕೊನೇಲಿ ಒಳಗೆ ಗುಡಿಸಿದ್ದು ಇವಳೇ. ಮಧ್ಯಾಹ್ನದೊಳಗೆ ಮೂರ್ತಿ ಸಿಗದಿದ್ರೆ ಕಲ್ಲುಗಣಿಗೆ ಅಟ್ತೀನಿ," ಎಂದರು.

"ನಾನು ಮುಟ್ಟಿಲ್ಲ ಕಣಪ್ಪಾ," ಎಂದು ಮುದುಕಿ ಅತ್ತಳು.

ಲಿಪಿಕಾರ ಊನ್ನೆಫರ್ ಕುಂಚವನ್ನು ನೀರಿಗದ್ದಿ, ಮಸಿಗೆ ಒತ್ತಿ, ಅವಳ ಹೇಳಿಕೆ ಬರೆದುಕೊಂಡ. ನೋಡುತ್ತಿದ್ದ ಹರ್ಖೇಬಿಗೆ ಏನೋ ಕಸಿವಿಸಿ. ಏನೆಂದು ಹೊಳೆಯಲಿಲ್ಲ.

*

ಹರ್ಖೇಬಿ ಕಂಚುಗಾರನ ಕುಲುಮೆ ಜಾಲಾಡಿದ. ಸಿಕ್ಕಿದ್ದು ಬೂದಿ, ಜೊತೆಗೆ ಬೈಗುಳ. "ದೇವರನ್ನ ಕರಗಿಸಿ ನಾನೇನು ಸೌಟು ಮಾಡ್ಲಾ?"

ಬಿಸಿಲು ನೆತ್ತಿಗೇರುತ್ತಿತ್ತು. ಹರ್ಖೇಬಿಗೆ ತನ್ನ ಮೇಲೇ ರೇಗಿತು. ಹೆಬ್ಬಾಗಿಲಲ್ಲಿ ಯಾವನೋ ಲಿಪಿಕಾರ ಯಾತ್ರಿಕನೊಬ್ಬನಿಗೆ ಹರಕೆ ಬರೆದುಕೊಡಲು ಕುಳಿತಿದ್ದ. ಕುಂಚ ಅದ್ದುವ ಮೊದಲು ಬಟ್ಟಲಿನಿಂದ ಒಂದು ಹನಿ ನೀರು ನೆಲಕ್ಕೆ ಬಿಟ್ಟ. "ಇಮ್ಹೋತೆಪನಿಗೆ." ಬರೆಯುವವರೆಲ್ಲ ಮಾಡುವುದೇ ಅದು.

ಹರ್ಖೇಬಿ ಹಣೆ ಚಚ್ಚಿಕೊಂಡು ಹಕ್ಕಿಗಳ ನೆಲಮಾಳಿಗೆಗೆ ಓಡಿದ.

*

"ಊನ್ನೆಫರ್, ಬೆಳಿಗ್ಗೆ ಹನಿ ಯಾಕೆ ಬಿಡ್ಲಿಲ್ಲ?" ಹರ್ಖೇಬಿ ಅಂಗಳಕ್ಕೆ ಮರಳಿ ತಗೆಮ್ ಎದುರೇ ಕೇಳಿದ.

"ಮರೆತೆ."

"ಉಸಿರಾಡೋದು ಮರೀತೀಯಾ? ಮುದ್ರೆ ಒಡೆದಿಲ್ಲ. ಅಂದ್ರೆ ಮುದ್ರೆ ಬೀಳೋ ಮೊದ್ಲೇ ಮೂರ್ತಿ ಹೋಗಿದೆ. ಮುದುಕಿ ಹೊರಗೆ ಬಂದ್ಮೇಲೆ ಮುದ್ರೆ ಒತ್ತಿದೋನು ನೀನು. ಗುಡಿಯಿಂದ ಹೊರಡೋದನ್ನೆಲ್ಲ ನಮ್ಮ ಕಾವಲಿನೋರು ತಡವಿ ನೋಡ್ತಾರೆ, ಹರಕೆ ಹಕ್ಕಿ ಮಾತ್ರ ಬಿಚ್ಚಲ್ಲ."

ಹರ್ಖೇಬಿ ಬಟ್ಟೆ ಸುತ್ತಿದ ಕಟ್ಟೊಂದನ್ನು ಕೆಳಗಿಟ್ಟ. ಧೊಪ್ಪೆಂದಿತು.

"ಒಣಗಿದ ಹಕ್ಕಿ ಇಷ್ಟು ಭಾರ ಇರುತ್ತಾ?"

"ಥೂ, ಇದೂ ಒಂದು ಸುತ್ತೋದಾ!" ಎಂದಳು ತಗೆಮ್.

ಬಟ್ಟೆ ಬಿಚ್ಚಿದಾಗ ಮಡಿಲಲ್ಲಿ ಬರಹದ ಸುರುಳಿ ಹರಡಿಕೊಂಡು ಕುಳಿತ ದೇವರು ಕಾಣಿಸಿದ.

"ಮಾರೋಕಲ್ಲ," ಎಂದ ಊನ್ನೆಫರ್. "ನನ್ನ ಮಗಳು ಇದೇ ಅಂಗಳದಲ್ಲಿ ಮಲಗಿದ್ಲು. ಇವನು ಕನಸೂ ಕೊಡ್ಲಿಲ್ಲ, ಜೀವಾನೂ ಉಳಿಸ್ಲಿಲ್ಲ. ಇವನೂ ಕತ್ತಲಲ್ಲಿ ಕಾಯ್ಲಿ ಅಂತ ಬಚ್ಚಿಟ್ಟೆ. ಅವನಿಗೆ ಹನಿ ಬಿಡೋಕೆ ಕೈ ಬರ್ಲಿಲ್ಲ."

ಹರ್ಖೇಬಿಯ ಸಿಟ್ಟು ಅರ್ಧ ಇಳಿಯಿತು. "ಅದಕ್ಕೆ ಈ ಮುದುಕಿ ಗಣೀಲಿ ಸಾಯ್ಬೇಕಿತ್ತಾ?"

ಹರ್ಖೇಬಿ ಬರೆಯುವ ಹಲಗೆಯನ್ನು ಅವನ ಮುಂದಕ್ಕೆ ತಳ್ಳಿದ.

"ಬರಿ. ನಿನ್ನ ಹೇಳಿಕೆ ನೀನೇ ಬರಿ."

ಊನ್ನೆಫರ್ ಕುಂಚ ಎತ್ತಿಕೊಂಡ. ಅದ್ದುವ ಮೊದಲು ಕೈ ತನ್ನಷ್ಟಕ್ಕೇ ಬಟ್ಟಲನ್ನು ವಾಲಿಸಿತು. ಮೂರ್ತಿಯ ಪಾದದ ಬಳಿ ಒಂದು ಹನಿ ಬಿತ್ತು. ಅದನ್ನು ನೋಡಿ ಅವನು ಬಿಕ್ಕಿಬಿಕ್ಕಿ ಅತ್ತ.